ಕಿಟಕಿಯಮ್ಮ ಮತ್ತು ಮಡಚುವ ಕುರ್ಚಿ

ಕಳೆದ ಶನಿವಾರ ಗ್ಯಾರೇಜಿನಲ್ಲಿ ಏಣಿ ಹುಡುಕಲು ಹೋದವನು ಅಲ್ಲಿದ್ದ ಒಂದು ಹಳೆಯ ಗ್ರೋಸರಿ ಬ್ಯಾಗಿನೊಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಮೆತ್ತಗಿತ್ತು, ಉದ್ದವಾಗಿತ್ತು, ಮೈತುಂಬ ಕೂದಲಿತ್ತು. ನಾನು ಕಿರುಚಿಕೊಂಡ ರೀತಿಗೆ ಮಗಳು ಅನು ಮಹಡಿಯಿಂದ ಓಡಿ ಬಂದಳು.

“ಅಪ್ಪಾ, ವಾಟ್ ಈಸ್ ಇಟ್? ಈಸ್ ಇಟ್ ಡೆಡ್?”

ಸತ್ತಿರಲಿಲ್ಲ, ಸಾಯುವುದಕ್ಕೆ ಅದು ಬದುಕಿಯೂ ಇರಲಿಲ್ಲ. ಅದು ನನ್ನ ಹೆಂಡತಿ ಸುಧಾಳ ಚೌರಿ. ಚೌರಿ ಎಂದರೆ ನಿಮಗೆ ಗೊತ್ತಲ್ಲ, ಇದ್ದ ಜಡೆಗೆ ಇಲ್ಲದ ಉದ್ದ ಕೂಡಿಸುವ ಕೂದಲು. ಮದುವೆಯಾಗಿ ಬರುವಾಗ ಹಾಸನದಿಂದ ತಂದದ್ದು. ಮನೆಯಲ್ಲಿ ಅವಳು ಅದನ್ನು ಒಂದು ದಿನವೂ ಹಾಕಿಕೊಂಡವಳಲ್ಲ, ಅದೇನಿದ್ದರೂ ರಂಗಸ್ಥಳದ ಆಸ್ತಿ. ನಮ್ಮ ಕನ್ನಡ ಬಳಗದ ನಾಟಕಗಳಲ್ಲಿ ಎಷ್ಟೋ ರಾಜ್ಯಗಳು ಎದ್ದವು, ಬಿದ್ದವು. ರಾಜರು ಬದಲಾದರು, ಒಬ್ಬಿಬ್ಬರು ಕೆಲಸ ಬದಲಿಸಿ ಟೆಕ್ಸಾಸಿಗೂ ಹೋದರು. ರಾಣಿ ಮಾತ್ರ ಒಬ್ಬಳೇ, ಅವಳ ಬೆನ್ನ ಮೇಲಿನ ಚೌರಿಯೂ ಒಂದೇ.

ಸುಧಾ ರಾಣಿಯಾದದ್ದಕ್ಕೆ ಕಾರಣಗಳಿದ್ದವು. ಆಳೆತ್ತರ ಒಂದು. ಅಕಾರ ಹಕಾರಗಳು ಇನ್ನೂ ಬೇರೆ ಬೇರೆಯಾಗಿಯೇ ಉಳಿದಿರುವ ನಾಲಿಗೆ ಇನ್ನೊಂದು. ಜರಿಸೀರೆ ಉಟ್ಟು, ನೆಲ ನೋಡದೆ ಮೆಟ್ಟಿಲು ಇಳಿಯಬಲ್ಲ ಹೆಂಗಸು ಅಮೆರಿಕದ ಈ ಈಸ್ಟ್ ಬೇಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹೀಗಾಗಿ ಊರೆಲ್ಲ ಅವಳನ್ನು ಕರೆಯುವುದೇ ಮಹಾರಾಣಿ ಎಂದು. ಇಂಡಿಯನ್ ಅಂಗಡಿಯಲ್ಲಿ ನುಗ್ಗೆಕಾಯಿ ಮುರಿದು ನೋಡುತ್ತ ನಿಂತಿದ್ದರೂ ಯಾರೋ ಹಿಂದಿನಿಂದ, “ಮಹಾರಾಣಿಯವ್ರೇ, ಕರಿಬೇವು ಬಂದಿದ್ಯಾ?” ಎಂದು ಕೇಳುತ್ತಾರೆ. ಸುಧಾ ಗಂಭೀರವಾಗಿ ಮೂರನೆಯ ಸಾಲಿನ ಕಡೆ ಕೈ ತೋರಿಸುತ್ತಾಳೆ.

ಇನ್ನು ನಾನು. ನಾನು ಪ್ರಾಂಪ್ಟರು. ಪರದೆಯ ಪಕ್ಕದಲ್ಲಿ ಸ್ಕ್ರಿಪ್ಟು ಹಿಡಿದು ನಿಂತು, ಮಾತು ಮರೆತವರಿಗೆ ಪಿಸುಗುಟ್ಟುವವನು. ಈ ಹುದ್ದೆಗೆ ನನ್ನನ್ನು ನೇಮಿಸಿದ್ದು ಅಮೆರಿಕವಲ್ಲ, ಮಂಡ್ಯ. ನಮ್ಮ ಶಾಲೆಯ ಸ್ಕೂಲ್ ಡೇ ನಾಟಕದಲ್ಲಿ ನಾನು ಸೈನಿಕನಾಗಿದ್ದೆ. ಬಿದಿರು ಕೋಲಿನ ತುದಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಅಂಟಿಸಿದ ಭರ್ಜಿ ನನ್ನದು. ಮಾತಿರಲಿಲ್ಲ, ಸುಮ್ಮನೆ ನಿಲ್ಲಬೇಕಿತ್ತು. ಆದರೆ ಪ್ರಾಕ್ಟೀಸು ನೋಡಿ ನೋಡಿ ನನಗೆ ಎಲ್ಲರ ಮಾತೂ ಬಾಯಿಪಾಠವಾಗಿಬಿಟ್ಟಿತ್ತು. ರಾಜ ಮಾತಾಡಿದರೆ ನನ್ನ ತುಟಿ ಅಲ್ಲಾಡುತ್ತಿತ್ತು, ಮಂತ್ರಿ ಮಾತಾಡಿದರೂ ಅಲ್ಲಾಡುತ್ತಿತ್ತು. ಜನ ರಾಜನನ್ನು ಬಿಟ್ಟು ನನ್ನ ಬಾಯನ್ನೇ ನೋಡತೊಡಗಿದರು. ನಾಟಕ ಕಲಿಸುತ್ತಿದ್ದ ಮೇಷ್ಟ್ರು ಕೊನೆಗೆ, “ಲೋ, ನಿನ್ ಬಾಯ್ಗೆ ಬೀಗ ಹಾಕಕ್ಕಾಗಲ್ಲ ಕಣ್ಲಾ. ಪರದೆ ಹಿಂದಕ್ಕೆ ನಡಿ,” ಎಂದರು. ಅಂದು ಹೋದವನು ಇನ್ನೂ ಅಲ್ಲೇ ಇದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ನನ್ನ ಬಾಯಿಯನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಚೌರಿಯಿಂದ ನನಗೆ ನೆನಪಾದದ್ದು ಮಾತ್ರ ಮಂಡ್ಯವೂ ಅಲ್ಲ, ಹಾಸನವೂ ಅಲ್ಲ. ಇಂಗ್ಲೆಂಡಿನ ಒಬ್ಬ ನಟಿ. ಅವಳ ಹೆಸರು ಹೇಳುವುದಿಲ್ಲ, ನಾನು ಉಚ್ಚರಿಸಿದರೆ ಮಗಳು ನಗುತ್ತಾಳೆ. ನಮ್ಮ ಮನೆಯಲ್ಲಿ ಅವಳ ಹೆಸರು ಕಿಟಕಿಯಮ್ಮ. ನಾವು ಹೊಸದಾಗಿ ಈ ದೇಶಕ್ಕೆ ಬಂದಾಗ, ಇಂಗ್ಲಿಷು ಸುಧಾರಿಸಲಿ ಎಂದು ಲೈಬ್ರರಿಯಿಂದ ಸಿನಿಮಾ ತಂದು ನೋಡುತ್ತಿದ್ದೆವು. ಅಮೆರಿಕದ ಇಂಗ್ಲಿಷು ಕಲಿಯಲು ಇಂಗ್ಲೆಂಡಿನ ಹಳೆಗಾಲದ ಸಿನಿಮಾ ನೋಡಿದ್ದು ನಮ್ಮ ಬುದ್ಧಿವಂತಿಕೆ. ಅದರ ಫಲವಾಗಿ ನಾನು ಆಫೀಸಿನಲ್ಲಿ ಕೆಲವು ಕಾಲ ಗಂಡುಮಕ್ಕಳಿಗೂ ತಲೆಬಾಗಿ ವಂದಿಸಿ ಮಾತು ಶುರು ಮಾಡುತ್ತಿದ್ದೆ.

ಆ ಸಿನಿಮಾಗಳಲ್ಲಿ ಕಥೆ ಬೇರೆ ಬೇರೆ ಇರುತ್ತಿತ್ತು, ಕಿಟಕಿ ಒಂದೇ. ಸೊಂಟ ಬಿಗಿದು ಕಟ್ಟಿದ ಉದ್ದ ಲಂಗ, ಮೊಣಕೈವರೆಗೆ ಕೈಗವಸು, ಗಾಜಿನಾಚೆ ಮಳೆ. ದೂರದಲ್ಲಿ ಕುದುರೆಗಾಡಿಯ ಸದ್ದಾದರೆ ಅವಳು ಏನೂ ಮಾತಾಡುತ್ತಿರಲಿಲ್ಲ, ಕತ್ತು ಮಾತ್ರ ನಿಧಾನವಾಗಿ ತಿರುಗಿಸುತ್ತಿದ್ದಳು. ಅಷ್ಟಕ್ಕೇ ನಾವಿಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದೆವು. ಗಾಡಿಯಲ್ಲಿ ಬಂದಿಳಿಯುವವನು ಮಾತ್ರ ಯಾವತ್ತೂ ಅವಳಿಗೆ ತಕ್ಕವನಾಗಿರುತ್ತಿರಲಿಲ್ಲ.

ಮರುವರ್ಷದ ನಾಟಕದಲ್ಲಿ ರಾಜ ಯುದ್ಧದಲ್ಲಿ ಮಡಿದ ಸುದ್ದಿ ಬಂದಾಗ ರಾಣಿ ಎದೆ ಬಡಿದುಕೊಂಡು ಅಳಬೇಕು ಎಂದು ಸ್ಕ್ರಿಪ್ಟಿನಲ್ಲಿತ್ತು. ಸುಧಾ ಅಳಲಿಲ್ಲ. ಕತ್ತು ತಿರುಗಿಸಿದಳು. ಸಭೆಯಲ್ಲಿ ಮೂಗು ಒರೆಸುವ ಸದ್ದು ಪರದೆಯ ಹಿಂದಿನವರೆಗೂ ಕೇಳಿತು. ನಮ್ಮ ರಾಣಿಯ ಸೀರೆ ಹಾಸನದ್ದು, ಕತ್ತು ಇಂಗ್ಲೆಂಡಿನದು ಎಂಬ ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು.

ಆಮೇಲೆ ಕಿಟಕಿಯಮ್ಮ ಕಾಣೆಯಾದಳು. ನಾವೂ ಮನೆ, ಮಗಳು, ಡೇಕೇರು, ಫ್ರೀವೇಗಳಲ್ಲಿ ಅವಳನ್ನು ಮರೆತೆವು. ಹೋದ ವರ್ಷ ಒಂದು ಮಧ್ಯಾಹ್ನ ಮಂಡಕ್ಕಿ ತಿನ್ನುತ್ತ ಯಾವುದೋ ಸಿನಿಮಾ ಹಾಕಿಕೊಂಡು ಕೂತಿದ್ದೆವು. ಅದರಲ್ಲಿ ಒಬ್ಬಳು ಮುದುಕಿ. ಬಾಚಣಿಗೆ ಕಂಡು ಯುಗವಾದ ಕೂದಲು, ಒಂದು ಕಾಲಿಗೆ ಒಂದು ಬಣ್ಣದ ಕಾಲುಚೀಲ, ಯಾವನೋ ಗಂಡಸಿನ ಓವರ್‌ಕೋಟು. ಕೆರೆಯ ದಂಡೆಯಲ್ಲಿ ಬಾತುಗಳನ್ನು ಸಾಲಾಗಿ ನಿಲ್ಲಿಸಿ, ಜೇಬಿನಿಂದ ಬಿಸ್ಕತ್ತು ತೆಗೆದು ತಾನೇ ತಿನ್ನುತ್ತ, ಅವುಗಳ ನಡತೆಯ ಬಗ್ಗೆ ವಿಚಾರಣೆ ನಡೆಸುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಕ್ಕದಲ್ಲಿ ಸುಧಾ ನಗುತ್ತಿರಲಿಲ್ಲ.

“ರೀ, ಇವ್ಳು ಯಾರು ಗೊತ್ತಾಯ್ತಾ?”

“ಯಾರೋ ಹುಚ್ಚು ಮುದುಕಿ ಕಣೆ.”

“ಕತ್ತು ನೋಡ್ರೀ.”

ನೋಡಿದೆ. ಒಂದು ಬಾತು ಸಾಲು ತಪ್ಪಿಸಿ ಹೊರಟಿತ್ತು. ಮುದುಕಿ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ, ನಿಧಾನವಾಗಿ ಕತ್ತು ತಿರುಗಿಸಿದಳು. ನನ್ನ ಕೈಯ ಮಂಡಕ್ಕಿ ಬಟ್ಟಲಿಗೆ ವಾಪಸು ಬಿತ್ತು. ಕುದುರೆಗಾಡಿಗೆ ತಿರುಗಿದ ಕತ್ತು ಅದೇ! ಕೈಗವಸು ಹೋಗಿತ್ತು, ಕಿಟಕಿ ಹೋಗಿತ್ತು, ಚೆಲುವೂ ಮುಕ್ಕಾಲು ಪಾಲು ಹೋಗಿತ್ತು. ಅವಳು ಮಾತ್ರ ಹೋಗಿರಲಿಲ್ಲ.

ಆಮೇಲೆ ಹುಡುಕಿ ಹುಡುಕಿ ನೋಡಿದೆವು. ಕಿಟಕಿಯಮ್ಮ ಈಚೆಗೆ ಮಾಡುತ್ತಿರುವುದೆಲ್ಲ ಇಂಥವೇ. ಒಂದರಲ್ಲಿ ಯಾವತ್ತೂ ನಿಜವಾಗದ ಭವಿಷ್ಯ ಹೇಳುವವಳು, ಇನ್ನೊಂದರಲ್ಲಿ ಬೀಗರ ಮನೆಗೆ ಹೋಗಿ ಅಲ್ಲಿನ ಚಮಚ ಎತ್ತಿಕೊಂಡು ಬರುವ ಅತ್ತೆ. ಕಿಟಕಿ ಪಕ್ಕದ ಪಾತ್ರಗಳು ಬರುವುದು ನಿಂತಿತೋ, ಅವಳೇ ಸಾಕೆಂದಳೋ ನಮಗೆ ತಿಳಿಯದು. ತಿಳಿದದ್ದು ಒಂದೇ, ಅವಳಿಗೆ ಹಿಂದೆಂದೂ ಇಲ್ಲದಷ್ಟು ಖುಷಿಯಾಗಿತ್ತು. ಅದು ಪರದೆಯಾಚೆಗೂ ಕಾಣುತ್ತಿತ್ತು.

“ಎಷ್ಟ್ ಧೈರ್ಯ ಅಲ್ವಾ,” ಎಂದು ಸುಧಾ ಟಿವಿ ಆರಿಸಿದಳು. ನಾನು ಹೂಂ ಎಂದು ಮಂಡಕ್ಕಿ ಮುಗಿಸಿದೆ. ಅವಳು ಯಾರ ಧೈರ್ಯದ ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಬೆರ್ರಿಯೆಸಾದಲ್ಲಿ. ನಮ್ಮ ನಿರ್ದೇಶಕ ರಾಘಣ್ಣನ ಮನೆ ಅಲ್ಲಿದೆ. ಉಡುಪಿ ಕಡೆಯವರು, ವಾರವೆಲ್ಲ ಕಂಪ್ಯೂಟರು, ವಾರದ ಕೊನೆಗೆ ನಾಟಕ. ಕಾರು ಹೊರಗಿಟ್ಟು ಗ್ಯಾರೇಜು ಗುಡಿಸಿದರೆ ಅದೇ ನಮ್ಮ ತಾಲೀಮಿನ ಮನೆ. ಈ ಸಲ ಎರಡು ನಾಟಕ, ಒಂದು ರಾಜರದ್ದು, ಇನ್ನೊಂದು ನಗೆಯದ್ದು. ಪಾತ್ರ ಹಂಚುವ ದಿನ ಎಲ್ಲರೂ ಚಿತ್ರಾನ್ನದ ತಟ್ಟೆ ಹಿಡಿದು ಕೂತಿದ್ದೆವು.

“ಸುಧಕ್ಕ, ಈ ಸಲ ರಾಣಿ ಪಾರ್ಟು ಪಾಲೋ ಆಲ್ಟೋದ ಹೊಸ ಹುಡುಗಿ ಮಾಡ್ತಾಳೆ,” ಎಂದರು ರಾಘಣ್ಣ, ತಟ್ಟೆಯ ಕಡಲೆಬೀಜವನ್ನೇ ನೋಡುತ್ತ. “ನೀವು ರಾಜಮಾತೆ. ಪಾರ್ಟು ಸಣ್ಣದು. ಆದ್ರೆ ಗಾಂಭೀರ್ಯ ಉಂಟು ಮಾರಾಯ್ರೆ.”

ರಾಜಮಾತೆಯ ಗಾಂಭೀರ್ಯವನ್ನು ನಾನು ಸ್ಕ್ರಿಪ್ಟಿನಲ್ಲಿ ಆಗಲೇ ಓದಿದ್ದೆ. ಅವಳು ಸಿಂಹಾಸನದ ಪಕ್ಕ ಕೂರುತ್ತಾಳೆ, ಆಶೀರ್ವಾದ ಮಾಡುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ. ಪ್ರಾಂಪ್ಟರಿಗೆ ಇದಕ್ಕಿಂತ ಆರಾಮದ ಪಾತ್ರವಿಲ್ಲ.

“ರಾಜಮಾತೆ ಬೇಡ ರಾಘಣ್ಣ,” ಎಂದಳು ಸುಧಾ. “ಇನ್ನೊಂದ್ ನಾಟಕದ ಅಜ್ಜಿ ಪಾರ್ಟ್ ಕೊಡಿ.”

ಗ್ಯಾರೇಜಿನಲ್ಲಿ ಚಮಚದ ಸದ್ದು ನಿಂತಿತು. ಯಾಕೆಂದರೆ ನಮ್ಮ ಬಳಗದಲ್ಲಿ ಎಲ್ಲೂ ಬರೆದಿಡದ ಒಂದು ಕಾನೂನಿದೆ. ಹೆಂಗಸರು ರಾಣಿಯಾಗಬೇಕು, ಅಜ್ಜಿಯಾಗಿ ನಗಿಸುವುದು ಗಂಡಸರ ಕೆಲಸ. ನಗೆನಾಟಕದ ಅಜ್ಜಿ ಯಾವತ್ತಿದ್ದರೂ ದೊಡ್ಡಬಳ್ಳಾಪುರದ ಜಯರಾಮ್. ಮೀಸೆ ತೆಗೆಯದೆ ಸೀರೆ ಉಟ್ಟು, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಂದರೆ ಬಾಯಿ ತೆರೆಯುವ ಮೊದಲೇ ಚಪ್ಪಾಳೆ.

“ಅಯ್ಯೋ ಮೇಡಂ, ನಿಮಗ್ಯಾಕೆ ಆ ಪಾರ್ಟು? ನಿಮ್ಮನ್ನ ನೋಡಿದ್ರೆ ಜನ ನಗಲ್ಲ, ಕೈ ಮುಗೀತಾರೆ,” ಎಂದ ಜಯರಾಮ್. ಅವನು ಗೌರವದಿಂದಲೇ ಹೇಳಿದ್ದು. ಬಾಣ ಹೂವಿನದಾದರೂ ನಾಟಿತು.

ರಾಘಣ್ಣ ಗಲ್ಲ ಕೆರೆದುಕೊಂಡು, “ಸರಿ, ಒಂದು ಸಲ ನೋಡುವ. ಆಗದಿದ್ರೆ ರಾಜಮಾತೆ ಇದ್ದೇ ಉಂಟು,” ಎಂದರು.

ವಾಪಸು ಬರುವಾಗ 680 ಫ್ರೀವೇಯಲ್ಲಿ ನಮ್ಮ ಸ್ಯಾನ್ ರಮೋನಿನ ಎಕ್ಸಿಟ್ಟು ಹತ್ತಿರವಾದಾಗ ಸುಧಾ, “ಜನ ನಿಜವಾಗ್ಲೂ ನಗದೇ ಇದ್ರೆ?” ಎಂದಳು.

“ನಗದಿದ್ರೆ ರಾಜಮಾತೆ ಆಗ್ತೀಯ. ಏನೀಗ?”

“ಅದೇ ಭಯ ರೀ. ಇದಾಗ್ಲಿಲ್ಲ ಅಂದ್ರೆ ಇನ್ಮುಂದೆ ನನ್ನ ಸಿಂಹಾಸನದ ಪಕ್ಕ ಕೂರ್ಸ್ಬಿಡ್ತಾರೆ. ಆಶೀರ್ವಾದ ಮಾಡ್ತಾ ಮಾಡ್ತಾ ಅಲ್ಲೇ ಧೂಳು ಹಿಡೀತೀನಿ. ನಂಗಿನ್ನೂ ನಾಟಕ ಆಡ್ಬೇಕು.”

ನಾನು ಇಂಡಿಕೇಟರು ಹಾಕಿ ಎಕ್ಸಿಟ್ಟಿನತ್ತ ಕಾರು ತಿರುಗಿಸಿದೆ.

ನಾಟಕದ ಅಜ್ಜಿಯ ಬಗ್ಗೆ ಹೇಳಬೇಕು. ರಾಘಣ್ಣ ತಮ್ಮ ತಾಯಿಯನ್ನೇ ನೋಡಿ ಬರೆದ ಪಾತ್ರ ಅದು. ಮಗನ ಮನೆಗೆ ಬಂದ ಆ ತಾಯಿ, ಊರಿನಲ್ಲಿ ಜಗಲಿಯ ಮೇಲೆ ಕೂರುವಂತೆ, ದಿನಾ ಒಂದು ಮಡಚುವ ಕುರ್ಚಿ ಹಿಡಿದು, ಮನೆಯಿಂದ ಬೀದಿಗಿಳಿಯುವ ಡ್ರೈವ್‌ವೇ ತುದಿಯಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸಲು ಕಾಯುತ್ತಿದ್ದರಂತೆ. ಇಲ್ಲಿ ಹೋಗಿಬರುವವರೆಂದರೆ ಕಾರುಗಳು. ಒಂದು ದಿನ ಒಬ್ಬ ಕಾರು ನಿಲ್ಲಿಸಿದ. ಅಜ್ಜಿಗೆ ಸಂಭ್ರಮ. ಅವನು ಕೇಳಿದ್ದು ಕುರ್ಚಿಯ ಬೆಲೆ! ಹಳೆ ಸಾಮಾನು ಮಾರಲು ಮನೆ ಮುಂದೆ ಇಟ್ಟಿದ್ದಾರೆ ಎಂದುಕೊಂಡಿದ್ದ. ನಿಜಜೀವನದಲ್ಲಿ ರಾಘಣ್ಣ ಓಡಿ ಬಂದು ಕುರ್ಚಿ ಉಳಿಸಿಕೊಂಡರು. ನಾಟಕದಲ್ಲಿ ಅವನು ಕುರ್ಚಿ ಹೊತ್ತುಕೊಂಡೇ ಹೋಗುತ್ತಾನೆ.

ಮೊದಲ ತಾಲೀಮುಗಳು ನೀರಸವಾಗಿದ್ದವು. ಸುಧಾ ಬೆನ್ನು ಬಗ್ಗಿಸಿದಳು, ಧ್ವನಿ ನಡುಗಿಸಿದಳು, ಬೊಚ್ಚುಬಾಯಿ ಮಾಡಿದಳು. ಯಾರೂ ನಗಲಿಲ್ಲ. ಮರ್ಯಾದೆಗೆ ನಕ್ಕವನು ನಾನೊಬ್ಬನೇ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

“ಸುಧಕ್ಕ, ಎಂತ ಮಾಡಿದ್ರೂ ನಿಮ್ಮ ಅಜ್ಜಿ ತಲೆ ಮೇಲೆ ಕಿರೀಟ ಕಾಣ್ತದೆ ಮಾರಾಯ್ರೆ,” ಎಂದರು ರಾಘಣ್ಣ.

ಆ ವಾರವೆಲ್ಲ ಸುಧಾ ನಮ್ಮ ಡ್ರೈವ್‌ವೇಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ನನ್ನ ಹಳೆಯ ಸ್ವೆಟರು, ಮಗಳ ಓಟದ ಶೂಸು, ಮೇಲೆ ಹತ್ತಿ ಸೀರೆ. “ಅಮ್ಮಾ, ಪ್ಲೀಸ್! ಮೈ ಫ್ರೆಂಡ್ಸ್ ಆರ್ ಕಮಿಂಗ್!” ಎಂದು ಅನು ಕಿಟಕಿಯಿಂದ ಗೋಗರೆದಳು. ಪಕ್ಕದ ಮನೆಯ ನಾಯಿ ಬಂದು ಮೂಸಿ ನೋಡಿ, ಏನೂ ತೀರ್ಮಾನಿಸಲಾಗದೆ ಹೋಯಿತು.

ಮುಂದಿನ ತಾಲೀಮಿಗೆ ಹೋದಾಗ ಅವಳು ರಾಘಣ್ಣನಿಗೆ ಹೇಳಿದಳು, “ಕಿರೀಟ ತೆಗೆಯೋದ್ ಬೇಡ. ಅಜ್ಜಿ ತಾನು ರಾಣಿ ಅಂತ್ಲೇ ತಿಳ್ಕೊಂಡಿದಾಳೆ. ಸಿಂಹಾಸನ ಮಾತ್ರ ಮಡ್ಚೋ ಕುರ್ಚಿ.” ಎಂದವಳೇ ಕುರ್ಚಿ ಬಿಡಿಸಹೋದಳು. ಅದು ಬಿಡಿಸಿಕೊಳ್ಳಲಿಲ್ಲ. ಅವಳು ಸಿಟ್ಟಾಗಲಿಲ್ಲ. ಅಪ್ಪಣೆ ಮೀರಿದ ಸೇವಕನನ್ನು ನೋಡುವಂತೆ ಕುರ್ಚಿಯನ್ನು ನೋಡಿದಳು. ಇನ್ನೊಂದು ಅವಕಾಶ ಕೊಟ್ಟಳು. ಬಿಡಿಸಿಕೊಂಡಿತು. ಕೂತು, ಶೂಸಿನ ಕಾಲಿನ ಮೇಲೆ ಕಾಲು ಹಾಕಿ, ಇಡೀ ಗ್ಯಾರೇಜನ್ನು ತನ್ನ ರಾಜ್ಯದಂತೆ ನೋಡಿ ನಿಧಾನವಾಗಿ ಕತ್ತು ತಿರುಗಿಸಿದಳು. ಮೊದಲು ನಕ್ಕವನು ಜಯರಾಮ್. ಕುಡಿಯುತ್ತಿದ್ದ ಕಾಫಿ ಮೂಗಿನಿಂದ ಬಂತು. ಒರೆಸಿಕೊಂಡು ಎದ್ದವನು ತನ್ನ ಬ್ಯಾಗಿನಿಂದ, ಅಜ್ಜಿ ಪಾತ್ರಕ್ಕೆ ಸದಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಅಡಿಕೆ ಚೀಲ ತೆಗೆದು ಅವಳ ಮಡಿಲಲ್ಲಿಟ್ಟ. “ಇದು ನಿಮ್ದೇ ಮೇಡಂ,” ಎಂದ.

ಪ್ರದರ್ಶನ ಒಂದು ಶಾಲೆಯ ಆಡಿಟೋರಿಯಮ್ಮಿನಲ್ಲಿ, ಮಧ್ಯಾಹ್ನದ ಊಟದ ನಂತರ. ಹೋಳಿಗೆ ಉಂಡ ಜನರನ್ನು ನಗಿಸುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಿಲ್ಲ. ಮಹಾರಾಣಿ ಶೂಸು ಹಾಕಿಕೊಂಡು ಬಂದಾಗ ಸಭೆಯಲ್ಲಿ ಗೊಂದಲದ ಗುಸುಗುಸು. ಕುರ್ಚಿಗೂ ಅವಳಿಗೂ ವ್ಯಾಜ್ಯ ಶುರುವಾದಾಗ ಒಂದು ಮೂಲೆಯಲ್ಲಿ ನಗು, ಆಮೇಲೆ ನಡುವಿನ ಸಾಲು, ಆಮೇಲೆ ಎಲ್ಲೆಡೆ. ನಾನು ಎಂದಿನಂತೆ ಪಕ್ಕದ ಪರದೆಯ ಮರೆಯಲ್ಲಿ ನಿಂತು ಬೆವರುತ್ತಿದ್ದೆ.

ಕೊನೆಯ ದೃಶ್ಯ ಬಂತು. ಕಾರಿನವನು ಕುರ್ಚಿ ಹೊತ್ತುಕೊಂಡು ಹೋದ. ಅಜ್ಜಿ ಬರಿನೆಲದ ಮೇಲೆ ಕೂತಳು. ಇಲ್ಲಿ ಅವಳ ಮಾತು, “ಕುರ್ಚಿ ಹೋದ್ರೆ ಹೋಗ್ಲಿ, ನೆಲಾನ ಯಾರೂ ಹೊತ್ಕೊಂಡ್ ಹೋಗಕ್ಕಾಗಲ್ಲ.” ಸುಧಾ ಮಾತಾಡಲಿಲ್ಲ. ಕುರ್ಚಿಯಿದ್ದ ಜಾಗವನ್ನೇ ನೋಡುತ್ತ ಕೂತಳು. ನಗು ಅಡಗಿತು. ಅವಳು ಇನ್ನೂ ಮಾತಾಡಲಿಲ್ಲ. ಮರೆತಳು! ಒಂದು ದಿನವೂ ಒಂದಕ್ಷರ ಮರೆಯದವಳು, ಇವತ್ತೇ, ಇಷ್ಟೆಲ್ಲ ಗೆದ್ದ ಮೇಲೆ!

“ಕುರ್ಚಿ ಹೋದ್ರೆ ಹೋಗ್ಲಿ,” ಎಂದು ಪಿಸುಗುಟ್ಟಿದೆ.

ಇಲ್ಲ. ಇನ್ನೂ ಸ್ವಲ್ಪ ಜೋರಾಗಿ, “ಕುರ್ಚಿ ಹೋದ್ರೆ ಹೋಗ್ಲಿ!”

ಅದು ಕೊನೆಯ ಸಾಲಿನವರೆಗೂ ಕೇಳಿತೆಂದು ಆಮೇಲೆ ಹಲವರು ನನಗೆ ತಿಳಿಸಿದರು. ಸುಧಾ ನಿಧಾನವಾಗಿ ನನ್ನತ್ತ ಕತ್ತು ತಿರುಗಿಸಿದಳು. ಅವಳ ಕಣ್ಣು ನೋಡಿದೊಡನೆ ನನಗೆ ಗೊತ್ತಾಯಿತು. ಅವಳು ಏನನ್ನೂ ಮರೆತಿರಲಿಲ್ಲ. ಅಷ್ಟು ಹೊತ್ತೂ ಆ ಮೌನವನ್ನೇ ಅಭಿನಯಿಸುತ್ತಿದ್ದಳು. ನಾನು ಅದರ ನಡುವೆ ಹೋಗಿ ಬಾಯಿ ಹಾಕಿದ್ದೆ. ನೆಲ ಬಿರಿದು ಒಳಗೆಳೆದುಕೊಂಡರೆ ಸಾಕು ಅನ್ನಿಸಿತು.

“ಯಾರಪ್ಪಾ ಅದು, ಗೋಡೆ ಹಿಂದೆ?” ಎಂದಳು ಅಜ್ಜಿ.

ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ನಗು ಮುಗಿಯುವವರೆಗೆ ಕಾದಳು. ಆಮೇಲೆ ಅದೇ ಧ್ವನಿಯಲ್ಲಿ, “ಬೆಳಗ್ಗೆಯಿಂದ ಇಲ್ಲೇ ಕೂತಿದೀನಿ. ಒಬ್ರೂ ಮಾತಾಡಿಸ್ಲಿಲ್ಲ. ನೀನಾದ್ರೂ ಮಾತಾಡಿಸ್ದೆಯಲ್ಲಪ್ಪ,” ಎಂದಳು. ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿದಳು. “ಬಾ, ಕೂತ್ಕೊ.”

ಇದು ಯಾವ ಸ್ಕ್ರಿಪ್ಟಿನಲ್ಲೂ ಇರಲಿಲ್ಲ. ನಾನು ಹೋದೆ. ಹಣೆಯ ಮೇಲೆ ಕನ್ನಡಕ, ಕೈಯಲ್ಲಿ ಕಾಗದದ ಕಂತೆ, ಮಂಡ್ಯದ ಆ ಭರ್ಜಿಯ ನಂತರ ಮೊದಲ ಸಲ ಬೆಳಕಿಗೆ ಬಂದೆ. ಹೋಗಿ ಅವಳ ಪಕ್ಕ ಕೂತೆ. ಇಷ್ಟು ವರ್ಷ ನಾನು ಅವಳ ನಟನೆಯನ್ನು ಒಂದು ಕೆನ್ನೆಯಷ್ಟೇ ನೋಡಿದವನು. ಈಗ ಮುಖ ಪೂರ್ತಿ ಕಂಡಿತು. ಅದು ನನ್ನ ಹೆಂಡತಿಯ ಮುಖವಾಗಿರಲಿಲ್ಲ, ರಾಣಿಯದೂ ಆಗಿರಲಿಲ್ಲ. ಯಾರೋ ಒಬ್ಬ ಒಂಟಿ ಮುದುಕಿ, ಮಾತಾಡಲು ಒಬ್ಬ ಸಿಕ್ಕನೆಂದು ಹಿಗ್ಗಿ ಕೂತಿದ್ದಳು. ಇವಳು ಇಷ್ಟು ದಿನ ನಮ್ಮ ಮನೆಯಲ್ಲಿ ಎಲ್ಲಿದ್ದಳು ಎಂದು ಬೆರಗಾದೆ. ಆ ಬೆರಗು ಇವತ್ತಿಗೂ ಇಳಿದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನಂತೂ ನಿತ್ಯ ಆ ಗಿಡದ ನೆರಳಲ್ಲೇ ಕೂತು ಊರೆಲ್ಲ ಮದ್ದು ಹುಡುಕಿದವನು.

ಅವಳು ನನ್ನ ಕೈಗೆ ಒಂದು ಎಲೆಅಡಿಕೆ ಇಟ್ಟು, ಸಭೆಯ ಕಡೆ ತಿರುಗಿ, ತನ್ನ ಮಾತು ತಾನೇ ಹೇಳಿದಳು. ಪರದೆ ಬಿತ್ತು. ಚಪ್ಪಾಳೆಯ ನಡುವೆ ರಾಘಣ್ಣ ಓಡಿ ಬಂದವರು ಆ ಕುರ್ಚಿಯನ್ನು ಮಡಚಿ ಎದೆಗೆ ಅವುಚಿಕೊಂಡು ನಿಂತುಬಿಟ್ಟರು.

ಅನು ಕಾರಿನಲ್ಲಿ, “ಅಮ್ಮ, ದಟ್ ವಾಸ್… ನೀನು ತುಂಬಾ…” ಎಂದು ಕನ್ನಡದಲ್ಲಿ ಪದ ಹುಡುಕಿದಳು. ಸಿಗಲಿಲ್ಲ. ನಾನೂ ಎತ್ತಿಕೊಡಲಿಲ್ಲ.

ಮೊನ್ನೆ ಶನಿವಾರ ಆ ಚೌರಿ ಹಿಡಿದು ಹೊರಗೆ ಹೋದಾಗ ಸುಧಾ ಡ್ರೈವ್‌ವೇಯಲ್ಲಿ ಕೂತಿದ್ದಳು. ನಾಟಕ ಮುಗಿದರೂ ಸಂಜೆ ಕೂರುವ ರೂಢಿ ಬಿಟ್ಟಿಲ್ಲ. ಈಗ ನನಗೂ ಒಂದು ಕುರ್ಚಿ ಬಂದಿದೆ.

“ಇದನ್ನೇನ್ ಮಾಡ್ಲಿ?”

“ಪಾಲೋ ಆಲ್ಟೋದ್ ಹುಡುಗಿಗೆ ಕೊಡಿ. ಪಾಪ, ಅವ್ಳ ಜಡೆ ಮೋಟು. ಕತ್ತು ಹೇಗ್ ತಿರುಗಿಸ್ಬೇಕು ಅಂತ ನಾನ್ ಹೇಳ್ಕೊಡ್ತೀನಿ.”

ಅಷ್ಟರಲ್ಲಿ ಒಂದು ಕಾರು ನಿಧಾನಿಸಿ ನಮ್ಮ ಮುಂದೆಯೇ ನಿಂತಿತು. ಗಾಜು ಇಳಿಯಿತು. ಒಳಗಿದ್ದವನು ನಗುತ್ತ ಸುಧಾಳ ಕುರ್ಚಿಯತ್ತ ಬೆರಳು ತೋರಿಸಿ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ. ದೇವರಾಣೆ, ಕೇಳಿದ.

ಸುಧಾ ನಿಧಾನವಾಗಿ ಕತ್ತು ತಿರುಗಿಸಿ ಅವನನ್ನು ನೋಡತೊಡಗಿದಳು.

ನನಗೆ ಅವಳ ಮಾತು ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಚೌರಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು, ಅವಳ ಪಕ್ಕ ಕೂತು ಕಾದೆ.